ಅವ್ವ ಮಾಡಿದ ಒಂದು ಕೊಡ ಬಿಯರ್

ತೆಲಿಗಿ
೩ ಮಾರ್ಚ್ ೨೦೨೫

ಕ್ರಾಂತಿ,

ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದಿಲ್ಲ ಎಂದಿದ್ದೆ. ಆ ಮಾತು ಹಾಗೇ ಇದೆ. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಸಿಟ್ಟು ಇಳಿದಿದೆ ಎಂದು ತಿಳಿದು ಕುಣಿಯಬೇಡ. ನನಗೊಂದು ತುರ್ತು ಬಂದಿದೆ.

ನಾನು ಬಿಯರ್ ಮಾಡುತ್ತಿದ್ದೇನೆ.

ಹೌದು, ನಾನೇ. ಈ ಊರಿನ ಅಂಗನವಾಡಿಯಲ್ಲಿ ಇಷ್ಟು ವರ್ಷ ಮಕ್ಕಳಿಗೆ ಅ ಆ ಇ ಈ ಹೇಳಿಕೊಟ್ಟು, ರಾಗಿ ಮಾಲ್ಟ್ ಕುಡಿಸಿ, ಹೋದ ವರ್ಷ ಅವಧಿಗೆ ಮೊದಲೇ ಹಾರ ಹಾಕಿಸಿಕೊಂಡು ನಿವೃತ್ತಳಾದ ಮಾರೆಮ್ಮ ಟೀಚರ್ ಅಡುಗೆಮನೆಯ ಮೂಲೆಯಲ್ಲಿ ಬಿಯರಿನ ಕೊಡ ಇಟ್ಟುಕೊಂಡು ಕೂತಿದ್ದಾಳೆ. ಇದಕ್ಕೆಲ್ಲ ನೀನೇ ಕಾರಣ. ಜನವರಿಯಲ್ಲಿ ಬಾಗಳಿಯ ಬೀಗಸ್ತನದವರು ನಮ್ಮ ಪಡಸಾಲೆಯಲ್ಲೇ ಕೂತು, "ನಿಮ್ಮ ಹುಡುಗಿ ಪುಣೆದಾಗ ಔಷಧಿ ಕಂಪನ್ಯಾಗ ಇಲ್ರಿ, ಬಿಯರ್ ಮಾಡೋ ಜಾಗದಾಗ ಅದಾಳ" ಎಂದಾಗ ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವರು ಎದ್ದು ಹೋದರು. ನಾನು ಕೆಲಸ ಬಿಟ್ಟು ಬಾ ಎಂದೆ. ನೀನು, "ಬಿಡಂಗಿಲ್ಲ. ನಾ ಏನ್ ಮಾಡ್ತೀನಿ ಅಂತ ಒಂದು ಸಲನಾದ್ರೂ ಕೇಳೀಯೇನವ್ವಾ?" ಎಂದೆ. ಅಲ್ಲಿಗೆ ಇಬ್ಬರೂ ಫೋನ್ ಇಟ್ಟೆವು.

ಆ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿದೆ. ಕೇಳೋಣವೆಂದರೆ ಸೊಕ್ಕು ಬಿಡುವುದಿಲ್ಲ. ಅದಕ್ಕೇ ಮಾಡಿ ನೋಡಲು ಹೊರಟಿದ್ದೇನೆ. ಬಾಗಳಿಯವರು ಯುಗಾದಿ ಕಳೆದ ಮೇಲೆ ಮತ್ತೆ ಬರುತ್ತೇವೆಂದು ಹೇಳಿ ಕಳಿಸಿದ್ದಾರೆ. ಅವರು ಬರುವುದರೊಳಗೆ ಒಂದು ಕೊಡ ಆಗಬೇಕು. ಇದು ತಲೆ ತಗ್ಗಿಸುವ ಕೆಲಸ ಎಂದು ನನಗೆ ಅನ್ನಿಸಿದರೆ, ಮಗಳ ಕೆಲಸ ಬಿಡಿಸುತ್ತೇನೆಂದು ಅವರಿಗೆ ಮಾತು ಕೊಡುತ್ತೇನೆ. ಅನ್ನಿಸದಿದ್ದರೆ ಬೇರೆ ಮಾತು ಹೇಳುತ್ತೇನೆ.

ಈಗ ತುರ್ತು ಏನೆಂದು ಕೇಳು. ಬಾರ್ಲಿ ನಮ್ಮಲ್ಲಿ ಎಲ್ಲಿ ಸಿಗಬೇಕು? ರಾಗಿಯಲ್ಲೂ ಆಗುತ್ತದೆಂದು ಮೊಬೈಲಿನಲ್ಲಿ ಒಬ್ಬ ಹೇಳಿದ. ರಾಗಿ ಮೊಳಕೆ ಕಟ್ಟಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೊಳಕೆ ಹಿಟ್ಟಿನ ಗಂಜಿ ಕಾಸಿ, ಕೊಡಕ್ಕೆ ಸುರಿದು, ಹರಪನಹಳ್ಳಿಯ ಬೇಕರಿಯಿಂದ ತಂದ ಯೀಸ್ಟ್ ಹಾಕಿದೆ. ಬೇಕರಿಯವನು, "ಕೇಕ್ ಮಾಡ್ತೀರೇನ್ರಿ ಟೀಚರ್?" ಎಂದು ಕೇಳಿದ. ಹೂಂ ಎಂದೆ. ದೋಸೆ ಹಿಟ್ಟು ಉಬ್ಬದಿದ್ದರೆ ಮಾಡುವ ಹಾಗೆ ಕೊಡಕ್ಕೆ ಕಂಬಳಿಯನ್ನೂ ಸುತ್ತಿದೆ. ನೊರೆಯಿಲ್ಲ, ಗುಳ್ಳೆಯಿಲ್ಲ, ಸದ್ದಿಲ್ಲ. ಯೀಸ್ಟ್ ಸತ್ತುಹೋಗಿದೆಯೇ? ಬೇಗ ಬರೆ. ನಿಮ್ಮಪ್ಪನ ಫೋನಿಗೆ ಹೇಳಿ ಕಳಿಸಿದರೆ ನಾನು ಕೇಳಿಸಿಕೊಳ್ಳುವವಳಲ್ಲ.

ಇನ್ನೂ ಸಿಟ್ಟಿನಲ್ಲಿರುವ
ಅವ್ವ


ಪುಣೆ
೯ ಮಾರ್ಚ್ ೨೦೨೫

ಅವ್ವಾ, ಜೈ ಭೀಮ್.

ನಿನ್ನ ಪತ್ರವನ್ನು ಲ್ಯಾಬಿನಲ್ಲಿ ನಿಂತುಕೊಂಡೇ ಓದಿದೆ. ಆ ಒಂದು ಸಾಲು ಬಂದ ಕೂಡಲೇ ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಕೋಣೆಯವರು ಏನೋ ಸಿಡಿಯಿತೆಂದು ಓಡಿ ಬಂದರು. ನಮ್ಮವ್ವ ಬಿಯರ್ ಮಾಡ್ತಿದ್ದಾಳೆ ಎಂದರೆ ಒಬ್ಬರೂ ನಂಬಲಿಲ್ಲ. ನಾನೂ ಇನ್ನೂ ಪೂರ್ತಿ ನಂಬಿಲ್ಲ.

ಮೊದಲು ಕಂಬಳಿ ತೆಗೆ! ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಯಾರಾದರೂ ಯೀಸ್ಟಿಗೆ ಕಂಬಳಿ ಹೊದಿಸುತ್ತಾರೆಯೇ? ಗಂಜಿ ಬಿಸಿಯಿದ್ದಾಗಲೇ ಹಾಕಿದೆಯಾ? ಹಾಗಿದ್ದರೆ ಅದು ಬೆಂದು ಹೋಗಿರುತ್ತದೆ. ಮಗುವಿಗೆ ಸ್ನಾನ ಮಾಡಿಸುವ ನೀರಿಗಿಂತ ತಣ್ಣಗಿರಬೇಕು. ಬೇಕರಿಯ ಯೀಸ್ಟ್ ಹಳೆಯದೂ ಇರಬಹುದು. ಒಂದು ಲೋಟ ಉಗುರು ಬೆಚ್ಚನೆಯ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ, ಅದರ ಮೇಲೆ ಯೀಸ್ಟ್ ಉದುರಿಸಿ ಸ್ವಲ್ಪ ಹೊತ್ತು ಬಿಡು. ನೊರೆ ಎದ್ದರೆ ಜೀವ ಇದೆ ಎಂದರ್ಥ. ಮುಚ್ಚಳ ಬಿಗಿ ಹಾಕಬೇಡ, ಮೇಲೊಂದು ತಟ್ಟೆ ಸಾಕು. ಯಾರಿಗೂ ಕೊಡಬೇಡ, ಯಾರಿಗೂ ಹೇಳಬೇಡ. ಅಬಕಾರಿಯವರು ಬಂದರೆ ಅಂಗನವಾಡಿ ಟೀಚರ್ ಎಂದು ಬಿಡುವುದಿಲ್ಲ.

ಯೀಸ್ಟ್ ಸತ್ತಿದೆಯೇ ಎಂದು ನೀನು ಕೇಳಿದ್ದೀಯಲ್ಲ, ದಿನಾ ಬೆಳಿಗ್ಗೆ ನನ್ನ ಮೊದಲ ಕೆಲಸವೇ ಅದು. ತೊಟ್ಟಿಯಿಂದ ಒಂದು ಹನಿ ತೆಗೆದು, ನೀಲಿ ಬಣ್ಣ ಬೆರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಸತ್ತವು ನೀಲಿಯಾಗುತ್ತವೆ. ಬದುಕಿರುವವು ಬಣ್ಣವನ್ನು ಮೈಗೆ ಹತ್ತಿಸಿಕೊಳ್ಳದೆ ಬಿಳಿಯಾಗಿಯೇ ಇರುತ್ತವೆ. ಕೆಲವಕ್ಕೆ ಪಕ್ಕದಲ್ಲೊಂದು ಸಣ್ಣ ಮೊಗ್ಗು ಇರುತ್ತದೆ, ಅದು ಅದರ ಮರಿ. ಇಷ್ಟು ವರ್ಷವಾದರೂ ಅದನ್ನು ನೋಡಿದಾಗ ನನಗೆ ಖುಷಿಯಾಗುತ್ತದೆ. ಇದನ್ನೆಲ್ಲ ನಿನಗೆ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆನೋ.

ನಿನ್ನ ಸಿಟ್ಟು ಇರಲಿ. ಪತ್ರ ನಿಲ್ಲಿಸಬೇಡ.

ನಿನ್ನ
ಕ್ರಾಂತಿ


ತೆಲಿಗಿ
೧೬ ಮಾರ್ಚ್ ೨೦೨೫

ಕ್ರಾಂತಿ,

ನೀನು ಹೇಳಿದ ಪರೀಕ್ಷೆ ಮಾಡಿದೆ. ಲೋಟದಲ್ಲಿ ಯೀಸ್ಟ್ ಹಾಕಿ, ಒಗ್ಗರಣೆಗೆ ಈರುಳ್ಳಿ ಹೆಚ್ಚಿ ತಿರುಗಿ ನೋಡುವುದರೊಳಗೆ ನೊರೆ ಲೋಟ ತುಂಬಿ, ಕಟ್ಟೆಯ ಮೇಲೆ ಹರಿದು, ನಿಮ್ಮಪ್ಪನ ಕನ್ನಡಕದ ಡಬ್ಬಿಯನ್ನು ಮುಟ್ಟಿತ್ತು. ನಾನು ಕಿರುಚಿದೆ. ನಿಮ್ಮಪ್ಪ ಹೊರಗಿನಿಂದ ಓಡಿ ಬಂದು, "ಏನಾತು? ಕರೆಂಟ್ ಹೊಡೀತೇನು?" ಎಂದರು. ಲೈನ್‌ಮ್ಯಾನ್ ಆದವರಿಗೆ ಎಲ್ಲ ಕಿರುಚಾಟವೂ ಕರೆಂಟಿನದೇ. "ಇಲ್ರಿ, ಇದಕ್ಕ ಜೀವ ಐತಿ!" ಎಂದೆ. ಇಬ್ಬರೂ ಮಕ್ಕಳ ಹಾಗೆ ಆ ಲೋಟದ ಮುಂದೆ ಕೂತೆವು.

ನೀಲಿಯ ವಿಷಯ ಓದಿ ಹೇಳಿದಾಗ ಮಾತ್ರ ಅವರಿಗೆ ಸರಿಬರಲಿಲ್ಲ. "ನೀಲಿ ಆದದ್ದು ಸತ್ತದ್ದು ಅಂತ ಯಾವನು ಹೇಳಿದ? ನಮ್ಮ ಕೇರ್ಯಾಗ ಬಂದು ಹೇಳಂತ ಹೇಳು" ಎಂದು ಗೋಡೆಯ ಮೇಲಿನ ನೀಲಿ ಬಾವುಟ ತೋರಿಸಿದರು. ನಿನ್ನ ಲ್ಯಾಬಿನವರು ಬೇರೆ ಬಣ್ಣ ಹುಡುಕಿಕೊಳ್ಳಬೇಕಂತೆ.

ಕಂಬಳಿ ತೆಗೆದಿದ್ದೇನೆ. ಮೊದಲನೇ ಕೊಡ ಎಮ್ಮೆಗೆ ಹೋಯಿತು. ಎರಡನೆಯದನ್ನು ಬಹಳ ಶ್ರದ್ಧೆಯಿಂದ ಮಾಡಿದೆ. ರಾಗಿ ತೊಳೆದು, ನೆನೆಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದೆ. ನೆರಳಿನಲ್ಲಿ ಆರಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹದವಾಗಿ ಹುರಿದೆ. ಘಮ ಓಣಿಯ ತನಕ ಹೋಗಿ, ಪಕ್ಕದ ಮನೆಯ ಮರುಳಸಿದ್ದಮ್ಮ, "ಯಾರಿಗೆ ಮಾಲ್ಟ್ ಮಾಡಾಕತ್ತೀರಿ ಟೀಚರ್, ಮಗಳು ಊರಿಗೆ ಬರ್ತಾಳೇನು?" ಎಂದು ಕೇಳುವಷ್ಟು. ಬೀಸಿ, ಗಂಜಿ ಕಾಸಿ, ಪೂರ್ತಿ ತಣ್ಣಗಾದ ಮೇಲೆ, ಜೀವ ಇದೆಯೆಂದು ಕಣ್ಣಾರೆ ಕಂಡ ಅದೇ ಯೀಸ್ಟನ್ನು ಹಾಕಿದೆ.

ಮತ್ತೆ ಸದ್ದಿಲ್ಲ. ಸಕ್ಕರೆ ಕೊಟ್ಟರೆ ಕುಣಿಯುವ ಯೀಸ್ಟ್, ನಾನು ಕೈಯಾರೆ ಮಾಡಿದ ರಾಗಿ ಕೊಟ್ಟರೆ ಮುಖ ತಿರುಗಿಸಿಕೊಂಡು ಕೂತಿದೆ. ಊರ ಮಕ್ಕಳೆಲ್ಲ ಚಪ್ಪರಿಸಿ ಕುಡಿದ ಹಿಟ್ಟು ಇದಕ್ಕೆ ಬೇಡವಂತೆ! ನನಗೆ ಅಳು ಬಂತು ಕ್ರಾಂತಿ. ಸುಳ್ಳೇಕೆ ಹೇಳಲಿ, ಬಾಗಳಿಯವರು ಎದ್ದು ಹೋದ ದಿನವೂ ನಾನು ಅತ್ತಿರಲಿಲ್ಲ. ಯಾಕೆ ಹೀಗೆ ಎಂದು ಬೇಗ ಹೇಳು. ಯುಗಾದಿ ಹತ್ತಿರ ಬಂತು.

ಅವ್ವ


ಪುಣೆ
೨೨ ಮಾರ್ಚ್ ೨೦೨೫

ಅವ್ವಾ! ಅವ್ವಾ! ಅವ್ವಾ!

ಹುರಿದೆಯಾ? ಹುರಿದೆಯಲ್ಲಾ! ಸಿಕ್ಕಿಬಿದ್ದ, ಕಳ್ಳ ಸಿಕ್ಕಿಬಿದ್ದ!

ಯೀಸ್ಟಿನದು ಏನೂ ತಪ್ಪಿಲ್ಲ. ಅದಕ್ಕೆ ಹಿಟ್ಟು ತಿನ್ನಲು ಬರುವುದಿಲ್ಲ, ಸಕ್ಕರೆ ಮಾತ್ರ ಬರುತ್ತದೆ. ರಾಗಿ ಮೊಳಕೆಯೊಡೆಯುವಾಗ ಅದರೊಳಗೆ ಕಿಣ್ವ ಹುಟ್ಟುತ್ತದೆ. ಹಿಟ್ಟನ್ನು ಕತ್ತರಿಸಿ ಸಕ್ಕರೆ ಮಾಡುವುದು ಆ ಕಿಣ್ವದ ಕೆಲಸ. ನೀನು ಘಮ ಬರುವಂತೆ ಹುರಿದೆಯಲ್ಲ, ಆಗ ಅದು ಸುಟ್ಟುಹೋಯಿತು, ಉಳಿದದ್ದು ಗಂಜಿ ಕುದಿದಾಗ ಸತ್ತಿತು. ಮಕ್ಕಳ ಮಾಲ್ಟಿಗೆ ಹುರಿದರೇ ರುಚಿ, ಬಿಯರಿಗೆ ಹುರಿದರೆ ಕೇಡು. ನಿನ್ನ ಯೀಸ್ಟ್ ಸತ್ತಿರಲಿಲ್ಲ ಅವ್ವಾ, ಹಸಿದುಕೊಂಡು ಕೂತಿತ್ತು.

ನನಗೆ ನಿಜಕ್ಕೂ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು, ಆಮೇಲೆ ಅಳುವೂ ಬಂತು. ಓದಿದ ಪುಸ್ತಕಗಳಲ್ಲಿ ಎಲ್ಲ ತಪ್ಪುಗಳನ್ನೂ ನೋಡಿದ್ದೇನೆ. ಹಂಚಿನ ಮೇಲೆ ಘಮ್ಮೆನ್ನುವ ಹಾಗೆ ಹುರಿದು ಹಾಳು ಮಾಡುವ ತಪ್ಪನ್ನು ನಮ್ಮೂರಿನ ಅಂಗನವಾಡಿ ಟೀಚರ್ ಒಬ್ಬಳೇ ಮಾಡಬಲ್ಲಳು.

ಈ ಸಲ ಹೀಗೆ ಮಾಡು. ಮೊಳಕೆಯನ್ನು ಬಿಸಿಲಿಗೆ ಒಣಗಿಸಿ ಬೀಸು, ಅಷ್ಟೇ. ಹಂಚನ್ನು ಅಟ್ಟದ ಮೇಲಿಡು. ಮಾಮೂಲಿ ರಾಗಿ ಹಿಟ್ಟಿನಿಂದ ಗಟ್ಟಿ ಗಂಜಿ ಕಾಸು. ಬೆರಳು ಅದ್ದಿದರೆ ತಡೆಯಲಾರದೆ ತಟ್ಟನೆ ತೆಗೆಯಬೇಕು, ಆದರೆ ಬೊಬ್ಬೆ ಏಳಬಾರದು, ಅಷ್ಟು ಬಿಸಿಗೆ ಇಳಿದಾಗ ಹಸಿ ಮೊಳಕೆ ಹಿಟ್ಟು ಸೇರಿಸಿ ಕಲಸಿ, ಮುಚ್ಚಿಡು. ಆಗ ನಿನ್ನ ಕಂಬಳಿಗೂ ಕೆಲಸ ಸಿಗುತ್ತದೆ. ಒಂದು ತಾಸು ಬಿಟ್ಟು ತೆಗೆದು ನೋಡು. ಏನಾಗುತ್ತದೆಂದು ನಾನು ಹೇಳುವುದಿಲ್ಲ, ನೀನೇ ನೋಡು. ಆಮೇಲೆ ಸೋಸಿ, ಕುದಿಸಿ, ತಣ್ಣಗೆ ಮಾಡಿ ಯೀಸ್ಟ್ ಹಾಕು. ಈ ಲಕೋಟೆಯಲ್ಲಿ ಒಂದು ಪೊಟ್ಟಣ ಇಟ್ಟಿದ್ದೇನೆ. ಬಿಯರಿನದೇ ಯೀಸ್ಟ್, ಇಲ್ಲಿ ನಾನು ಬಳಸುವ ಜಾತಿಯದೇ.

ಎರಡು ಸಾವಿರ ಲೀಟರಿನ ತೊಟ್ಟಿ ನನ್ನ ಜವಾಬ್ದಾರಿಗೆ ಬಂದ ಮೊದಲ ಸಲ ಅದೂ ಹೀಗೇ ಸುಮ್ಮನೆ ಕೂತುಬಿಟ್ಟಿತ್ತು. ಯಾರಿಗೆ ಹೇಳಲೆಂದು ತಿಳಿಯದೆ ತೊಟ್ಟಿಯ ಪಕ್ಕದಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು, ಊಟ ಮಾಡದೆ ಕೂತಿದ್ದೆ. ಆಗ ನಿನಗೆ ಫೋನ್ ಮಾಡಿ, ಊಟ ಆಯ್ತಾ ಎಂದಷ್ಟೇ ಕೇಳಿ ಇಟ್ಟಿದ್ದೆ. ನಿನಗೆ ನೆನಪಿರಲಿಕ್ಕಿಲ್ಲ.

ನಿನ್ನ
ಕ್ರಾಂತಿ


ತೆಲಿಗಿ
೨ ಏಪ್ರಿಲ್ ೨೦೨೫

ಮಗಳೇ,

ಬಂತು! ಬಂತು! ನೊರೆ ಬಂತು!

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಸಮಾಧಾನವಾಗುವುದಿಲ್ಲ. ಯುಗಾದಿಯ ದಿನ ಎಲ್ಲರ ಮನೆಯಲ್ಲೂ ಹೋಳಿಗೆ, ನಮ್ಮ ಮನೆಯಲ್ಲಿ ಗಂಜಿ. ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿ ಕಾಸಿದ್ದೆ. ಹಸಿ ಮೊಳಕೆ ಹಿಟ್ಟು ಕಲಸಿ, ಮುಚ್ಚಿ, ಕಂಬಳಿ ಸುತ್ತಿ, ತಾಸು ಬಿಟ್ಟು ತೆಗೆದರೆ ಗಂಜಿಯೇ ಇಲ್ಲ! ಮಜ್ಜಿಗೆಯಂತೆ ನೀರಾಗಿ ಕೂತಿದೆ. ಯಾರೋ ನೀರು ಸುರಿದಿದ್ದಾರೆಂದು ನಿಮ್ಮಪ್ಪನ ಮೇಲೆ ರೇಗಿದೆ. ಅವರು, "ನಾ ಅತ್ತಾಗ ಬಂದೇ ಇಲ್ಲ ಮಾರಾಯ್ತಿ" ಎಂದರು. ಬೆರಳು ಅದ್ದಿ ನೆಕ್ಕಿದೆ. ಬೆಲ್ಲ ಹಾಕಿದ ಹಾಗೆ ಸಿಹಿ! ಒಂದು ಹರಳು ಸಕ್ಕರೆ ಹಾಕಿರಲಿಲ್ಲ ಕ್ರಾಂತಿ. ಇಷ್ಟು ವರ್ಷ ರಾಗಿ ಮೊಳಕೆ ಕಟ್ಟಿದವಳಿಗೆ ಅದರೊಳಗೆ ಇಂಥದ್ದೊಂದು ಇದೆಯೆಂದು ಗೊತ್ತಿರಲಿಲ್ಲ. ನೀನು ಏನಾಗುತ್ತದೆಂದು ಹೇಳದೆ ಬಿಟ್ಟದ್ದು ಒಳ್ಳೆಯದಾಯಿತು.

ಯೀಸ್ಟ್ ಹಾಕಿ, ಕೊಡಕ್ಕೆ ಒದ್ದೆ ಗೋಣಿಚೀಲ ಸುತ್ತಿ, ಮೇಲೆ ತಟ್ಟೆ ಮುಚ್ಚಿದೆ. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಟಕ್ ಎಂದಿತು. ನಿಮ್ಮಪ್ಪ ರೊಟ್ಟಿ ಹಿಡಿದ ಕೈ ಹಾಗೇ ಇಟ್ಟರು. ಮತ್ತೆ ಟಕ್ ಟಕ್. ತಟ್ಟೆ ತಾನಾಗಿಯೇ ಏಳುತ್ತಿದೆ, ಬೀಳುತ್ತಿದೆ! ತೆಗೆದರೆ ನೊರೆ ಕೊಡದ ಬಾಯಿಗೆ ಬಂದಿದೆ. ನಾನು ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದೆ.

ನಿಮ್ಮಪ್ಪ ಕೆಲಸದಿಂದ ಬಂದವರು ಈಗ ಟಿವಿ ಹಚ್ಚುವುದಿಲ್ಲ. ಕೊಡದ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ನಾ ಕುಡಿಯಂಗಿಲ್ಲ, ಪಂಚಶೀಲ ತಗಂಡೀನಿ. ಕೇಳಾಕ ಯಾವ ಶೀಲನೂ ಅಡ್ಡ ಬರಂಗಿಲ್ಲ" ಎನ್ನುತ್ತಾರೆ. ಏನು ಸದ್ದೆಂದು ಮರುಳಸಿದ್ದಮ್ಮ ಕೇಳಿದಾಗ ಇಲಿ ಎಂದೆ. ಬೋನು ತಂದು ಕೊಟ್ಟು ಹೋದಳು.

ಈಗ ಹೊಸ ಚಿಂತೆ. ಇವತ್ತು ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ಕೆಟ್ಟಿತೇ? ನೊರೆಯ ಮೇಲೆ ಕಂದು ಕೆನೆ ಕಟ್ಟಿದೆ. ತೆಗೆಯಲೇ, ಬಿಡಲೇ? ಬಾಟಲಿಗೆ ಯಾವಾಗ ಹಾಕಲಿ?

ಇನ್ನೊಂದು ಸುದ್ದಿ. ಬಾಗಳಿಯ ಹುಡುಗನ ಸೋದರತ್ತೆ ಕರಿಯಕ್ಕ ಹೇಳಿ ಕಳಿಸಿದ್ದಾಳೆ. ಅಂಬೇಡ್ಕರ್ ಜಯಂತಿಯ ಹಿಂದಿನ ದಿನ ಬರುತ್ತಾರಂತೆ. ಹುಡುಗಿ ಆಹಾರದ ಕಂಪನಿಯಲ್ಲಿ ಇದ್ದಾಳೆಂದು ನಾವು ನಾಲ್ಕು ಜನರ ಮುಂದೆ ಹೇಳಿ, ಮದುವೆಯಾದ ಮೇಲೆ ಕೆಲಸ ಬಿಡಿಸಿದರೆ, ಅವರಿಗೆ ಒಪ್ಪಿಗೆಯಂತೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.

ಅವ್ವ


ಪುಣೆ
೭ ಏಪ್ರಿಲ್ ೨೦೨೫

ಅವ್ವಾ, ಜೈ ಭೀಮ್.

ಗಂಜಿ ನೀರಾದದ್ದನ್ನು ನೀನು ಬರೆದದ್ದು ಓದಿ, ನಾನು ಮೊದಲ ಸಲ ಅದನ್ನು ನೋಡಿದ ದಿನ ನೆನಪಾಯಿತು. ಆ ದಿನ ನನಗೂ ಹೀಗೇ ಕುಣಿಯುವಂತಾಗಿತ್ತು. ಹೇಳಿಕೊಳ್ಳಲು ಜೊತೆಯಲ್ಲಿ ಮನೆಯವರು ಯಾರೂ ಇರಲಿಲ್ಲ. ಈಗ ನೀನಿದ್ದೀ.

ಮೊಟ್ಟೆಯ ವಾಸನೆಗೆ ಹೆದರಬೇಡ, ಯೀಸ್ಟ್ ದುಡಿಯುವಾಗ ಹಾಗೆ ಬರುತ್ತದೆ, ತಾನೇ ಹೋಗುತ್ತದೆ. ಕೆನೆ ಮುಟ್ಟಬೇಡ. ತಟ್ಟೆಯ ಸದ್ದು ನಿಂತು, ನೊರೆ ಇಳಿದು, ಸಿಹಿ ಹೋಗುವ ತನಕ ಕಾಯಬೇಕು. ಅದಕ್ಕೂ ಮುಂಚೆ ಗಾಜಿನ ಬಾಟಲಿಗೆ ಹಾಕಿ ಬಿರಡೆ ಬಿಗಿದೆಯೋ, ಬಾಂಬಿನ ಹಾಗೆ ಸಿಡಿಯುತ್ತದೆ. ದಯವಿಟ್ಟು ಗಾಜು ಬೇಡ.

ಬಾಗಳಿಯವರ ವಿಷಯ. ಔಷಧಿ ಕಂಪನಿ ಎಂದು ಸುಳ್ಳು ಹೇಳಿದವಳು ನಾನೇ, ಈಗ ಆಹಾರದ ಕಂಪನಿ ಎಂದು ನೀನು ಹೇಳಿದರೆ ನನಗೆ ಕೇಳುವ ಹಕ್ಕಿಲ್ಲ. ಆದರೂ ಕೇಳುತ್ತೇನೆ. ಮದುವೆ ಆಗಲಿ, ಬಿಡಲಿ, ಅದರ ಚಿಂತೆ ನನಗಿಲ್ಲ. ಅವರ ಮುಂದೆ ನಿನ್ನ ಮಗಳು ಏನು ಮಾಡುತ್ತಾಳೆಂದು ನೀನು ಏನು ಹೇಳುತ್ತೀ ಅವ್ವಾ? ಅದೊಂದೇ ನನಗೆ ಬೇಕು. ಅದನ್ನೇ ನೆನೆಯುತ್ತ ಇವತ್ತು ಒಂದೇ ಹನಿಯ ಯೀಸ್ಟನ್ನು ಮೂರು ಸಲ ಎಣಿಸಿದೆ.

ನಿನ್ನ
ಕ್ರಾಂತಿ


ತೆಲಿಗಿ
೧೫ ಏಪ್ರಿಲ್ ೨೦೨೫

ನನ್ನ ಕ್ರಾಂತಿಗೆ,

ಗಾಜು ಬೇಡವೆಂದು ಬರೆದ ಪತ್ರ ಬಾಟಲಿ ಸಿಡಿದ ಮರುದಿನ ಬಂತು. ನನಗೆ ತಾಳ್ಮೆಯಿಲ್ಲ, ನಿನಗೆ ಗೊತ್ತು. ಸದ್ದು ಕಡಿಮೆಯಾಯಿತೆಂದು ಶರಬತ್ತಿನ ಬಾಟಲಿಗೆ ತುಂಬಿ, ಬಿಗಿದು, ಕಪಾಟಿನಲ್ಲಿಟ್ಟಿದ್ದೆ. ಜಯಂತಿಗೆಂದು ಇಸ್ತ್ರಿ ಮಾಡಿಟ್ಟಿದ್ದ ನಿಮ್ಮಪ್ಪನ ಬಿಳಿ ಅಂಗಿ ಕಪಾಟಿನೊಳಗೇ ಬಿಯರ್ ಕುಡಿಯಿತು. ಅಲ್ಲಿಯ ತನಕ ಮನೆಯಲ್ಲಿ ಪಂಚಶೀಲ ಮುರಿದದ್ದು ಆ ಅಂಗಿ ಒಂದೇ. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ.

ಕೊಡದಲ್ಲಿ ಉಳಿದದ್ದು ಶನಿವಾರ ಶಾಂತವಾಯಿತು. ಸೋಸಿ, ಒಂದು ಲೋಟ ತೆಗೆದು, ನಾನೇ ಎರಡು ಗುಟುಕು ಕುಡಿದೆ. ಸ್ವಲ್ಪ ಹುಳಿ, ನಾಲಿಗೆಗೆ ಚುರುಕು, ಸಿಹಿ ಒಂದಿಷ್ಟೂ ಇಲ್ಲ. ಚೆನ್ನಾಗಿದೆಯೆಂದು ಹೇಳಲಾರೆ. ಮೂರನೇ ಗುಟುಕು ಬೇಕೆನ್ನಿಸಲಿಲ್ಲ. ಆದರೆ ಕ್ರಾಂತಿ, ಒಂದು ಕೊಡಕ್ಕೆ ನಾನು ಇಷ್ಟು ಸಲ ಸೋತೆ, ಅತ್ತೆ, ಕುಣಿದೆ, ನಿದ್ದೆಗೆಟ್ಟೆ. ನೀನು ಎರಡು ಸಾವಿರ ಲೀಟರನ್ನು ಒಬ್ಬಳೇ ಕಾಯುತ್ತೀಯಲ್ಲೇ. ಊಟ ಆಯ್ತಾ ಎಂದು ಕೇಳಿ ಫೋನಿಟ್ಟ ದಿನ ನನಗೆ ನೆನಪಿದೆ. ನಿನ್ನ ದನಿ ಸರಿಯಿಲ್ಲವೆಂದು ಅವತ್ತು ನಿಮ್ಮಪ್ಪನಿಗೆ ಹೇಳಿದ್ದೆ.

ಭಾನುವಾರ ಬಾಗಳಿಯವರು ಬಂದರು. ಕರಿಯಕ್ಕ, ಹುಡುಗನ ಸೋದರಮಾವ ಪಾಲಾಕ್ಷಪ್ಪ, ಇನ್ನಿಬ್ಬರು. ಚಹಾ ಕೊಟ್ಟೆ. ಪಾಲಾಕ್ಷಪ್ಪ ಬಹಳ ಮೆತ್ತಗೆ ಮಾತು ತೆಗೆದ. "ಟೀಚರ್, ಫುಡ್ ಕಂಪನಿ ಅಂತ ಒಂದು ಮಾತು ಅಂದುಬಿಡ್ರಿ, ನಮಗ ಅಷ್ಟು ಸಾಕು. ಮದಿವಿ ಆದ ಮ್ಯಾಲ ಹೆಂಗೂ ಬಿಡ್ತಾಳಲ್ಲ."

ನಾನು ಉತ್ತರ ಯೋಚಿಸಿಟ್ಟಿರಲಿಲ್ಲ ಕ್ರಾಂತಿ. ಬಾಯಿ ತಾನೇ ಹೇಳಿತು. "ಇಲ್ರಿ, ನನ್ನ ಮಗಳು ಬಿಯರ್ ಮಾಡ್ತಾಳ. ನಾನೂ ಒಂದು ಕೊಡ ಮಾಡಿ ನೋಡೀನಿ, ಬಾಳ ಕಷ್ಟ ಐತ್ರಿ. ಕಣ್ಣಿಗೆ ಕಾಣದ ಜೀವ ಸಾಕೋ ಕೆಲಸ ಅದು. ಅಷ್ಟು ಕಲ್ತಾಕಿನ್ನ ಬಿಡು ಅಂತ ನಾ ಹೇಳಂಗಿಲ್ಲ."

ಒಂದು ಕೊಡ ಎಂದಾಗ ನಿಮ್ಮಪ್ಪ ಜೋರಾಗಿ ಕೆಮ್ಮಿದರು. ಆದರೆ ಆ ಹೊತ್ತಿಗೆ ತಡವಾಗಿತ್ತು. ಪಾಲಾಕ್ಷಪ್ಪ ಚಹಾದ ಲೋಟ ಅರ್ಧಕ್ಕೇ ಕೆಳಗಿಟ್ಟ. "ವಿಚಾರ ಮಾಡ್ರಿ ಟೀಚರ್" ಎಂದ. "ವಿಚಾರ ಮಾಡೇ ಹೇಳಾಕತ್ತೀನ್ರಿ" ಎಂದೆ. ಅವರು ಎದ್ದರು. ಈ ಸಲ ನನಗೆ ಮುಖ ಎಲ್ಲಿಡಬೇಕೆಂಬ ಚಿಂತೆ ಬರಲಿಲ್ಲ. ಬಾಗಿಲ ತನಕ ಹೋಗಿ ಕಳಿಸಿಕೊಟ್ಟು ಬಂದೆ. ಸಂಬಂಧ ಮುರಿಯಿತು. ನಿನಗೆ ಬೇಜಾರಾದರೆ ಹೇಳು, ನನಗಂತೂ ಹಗುರಾಗಿದೆ. ನಿಮ್ಮಪ್ಪ ಆ ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ತಿಂದರು.

ನಿನ್ನೆ ಜಯಂತಿಯ ಮೆರವಣಿಗೆಯಲ್ಲಿ ಕೇರಿಯ ಹೆಣ್ಣುಮಕ್ಕಳೆಲ್ಲ ನನ್ನನ್ನು ಸುತ್ತುಗಟ್ಟಿದರು. ಸುದ್ದಿ ಹಬ್ಬಲು ಒಂದು ರಾತ್ರಿ ಸಾಕಾಗಿದೆ. ನೀನು ಏನು ಮಾಡುತ್ತೀ, ಹೇಗೆ ಮಾಡುತ್ತೀ ಎಂದು ಒಬ್ಬೊಬ್ಬರೂ ಕೇಳಿದರು. ಡೊಳ್ಳಿನ ಸದ್ದಿನಲ್ಲಿ ಕಿಣ್ವ ಎಂದರೇನೆಂದು ಕೂಗಿ ಕೂಗಿ ಹೇಳಿ ಗಂಟಲು ಕಟ್ಟಿದೆ.

ನಿಮ್ಮಪ್ಪ ರಜೆ ಹಾಕಿದ್ದಾರೆ. ಮುಂದಿನ ವಾರದ ಕೊನೆಗೆ ಹರಿಹರದಲ್ಲಿ ರೈಲು ಹತ್ತುತ್ತೇವೆ. ನಿನ್ನ ಆ ದೊಡ್ಡ ತೊಟ್ಟಿ ಹೇಗೆ ಸದ್ದು ಮಾಡುತ್ತದೆಂದು ಕೇಳಬೇಕಂತೆ ಅವರಿಗೆ. ನನಗೆ ಸೂಕ್ಷ್ಮದರ್ಶಕದಲ್ಲಿ ಮೊಗ್ಗು ಬಿಟ್ಟ ಯೀಸ್ಟ್ ನೋಡಬೇಕು. ನಿನ್ನ ಮುಖವನ್ನೂ ನೋಡಬೇಕು. ಅಲ್ಲಿ ಎಲ್ಲರೂ ನನ್ನನ್ನು ಟೀಚರ್ ಎಂದು ಕರೆಯುವ ಹಾಗೆ ಮಾಡಬೇಡ. ಯಾರು ಇವರು ಎಂದು ಯಾರಾದರೂ ಕೇಳಿದರೆ, ಬಿಯರ್ ಮಾಡುವ ಕ್ರಾಂತಿಯ ತಾಯಿ ಎಂದು ಹೇಳು.

ನಿನ್ನ ಅವ್ವ
ಮಾರೆಮ್ಮ